ಸಂತೆ ಗಾಡಿಗೆ ಸೋಲಾರ್ ಹಾಕಿಸ್ತೀರಾ? ಮೊದಲು ಈ ಲೆಕ್ಕ ನೋಡಿ

ಚಳ್ಳಕೆರೆ: ನಾಯಕನಹಟ್ಟಿ ಜಾತ್ರೆಗಾಗಲಿ, ಗೌರಸಮುದ್ರದ ಮಾರಮ್ಮನ ಜಾತ್ರೆಗಾಗಲಿ ಅಂಗಡಿ ಹಾಕುವವರಿಗೆ ಕತ್ತಲಾದ ಮೇಲೂ ವ್ಯಾಪಾರ ಇರುತ್ತೆ. ಆಗ ಬೇಕಾಗೋದು ಬೆಳಕು. ಪಕ್ಕದವರಿಂದ ದುಡ್ಡು ಕೊಟ್ಟು ಲೈನ್ ಎಳೆಸ್ಕೋಬೇಕು, ಇಲ್ಲಾಂದ್ರೆ ಜನರೇಟರ್ ಇಡಬೇಕು. ಸಣ್ಣ ಪೆಟ್ರೋಲ್ ಜನರೇಟರ್ ಗಂಟೆಗೆ ಅರ್ಧ ಲೀಟರ್ ಆಸುಪಾಸು ಕುಡಿಯುತ್ತೆ. ನಾಲ್ಕು ಗಂಟೆಗೆ ಎರಡು ಲೀಟರ್, ಅಂದ್ರೆ ಇನ್ನೂರು ರೂಪಾಯಿ ಮೇಲೆ. ಅದರ ಸದ್ದಿಗೆ ಗಿರಾಕಿ ಏನು ಕೇಳಿದ ಅಂತಾನೂ ಗೊತ್ತಾಗಲ್ಲ.

ಅದಕ್ಕೇ ಏಸ್ ಗಾಡಿಯಲ್ಲಿ ಟಿಫಿನ್, ಬಟ್ಟೆ, ಪಾತ್ರೆ ಮಾರುವವರು ಗಾಡಿ ಮೇಲೆ ಸೋಲಾರ್ ಹಾಕಿಸೋ ಯೋಚನೆ ಮಾಡ್ತಾರೆ. ಹೊರದೇಶಗಳಲ್ಲಿ ವ್ಯಾನ್‌ನಲ್ಲೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ತಿರುಗುವವರು ಬಳಸೋದೂ ಇದೇ ವ್ಯವಸ್ಥೆ. ಬಿಸಿಲಿಗಂತೂ ನಮ್ಮಲ್ಲಿ ಬರ ಇಲ್ಲ, ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮವೂ ಸೇರಿವೆ. ಆದರೆ ಬಿಸಿಲಿದೆ ಅಂತ ಲೆಕ್ಕ ಹಾಕದೆ ಹಾಕಿಸಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಮಾವನ ಗಾಡಿಯೇ ಸಾಕ್ಷಿ. ಜಾತ್ರೆ ರಾತ್ರಿ ಎಂಟೂವರೆಗೆ ಲೈಟು ಮಂಕಾಯ್ತು, ಒಂಬತ್ತಕ್ಕೆ ಪೂರ್ತಿ ಆಫ್. ರುಬ್ಬಿಟ್ಟ ಹಿಟ್ಟು ಹಾಗೇ ಉಳೀತು.

ಆಮೇಲೆ ಬಿಚ್ಚಿ ನೋಡಿದಾಗ ಸಿಕ್ಕಿದ್ದು ಎರಡು ತಪ್ಪು. ಒಂದು, ಲಾರಿ ಸ್ಟಾರ್ಟ್ ಮಾಡೋ ಬ್ಯಾಟರಿ ಇಟ್ಟಿದ್ದರು. ಅದು ಒಂದೆರಡು ಸೆಕೆಂಡು ಜೋರಾಗಿ ಕರೆಂಟ್ ಕೊಡೋಕೆ ಮಾಡಿದ್ದು, ಗಂಟೆಗಟ್ಟಲೆ ಲೈಟು ಉರಿಸೋಕಲ್ಲ. ದಿನಾ ಖಾಲಿ ಮಾಡಿದರೆ ಬೇಗ ಸಾಯುತ್ತೆ. ಎರಡನೇದು, ಮನೆ ಮೇಲೆ ಹಾಕೋ ದೊಡ್ಡ 330 ವ್ಯಾಟ್ ಪ್ಯಾನೆಲ್‌ಗೆ ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಕಟ್ಟಿದ್ದರು. ಆ ಪ್ಯಾನೆಲ್ ಕೆಲಸ ಮಾಡೋದು ಮೂವತ್ತು ವೋಲ್ಟ್ ಮೇಲೆ, ಬ್ಯಾಟರಿ 12 ವೋಲ್ಟ್. ಪಿಡಬ್ಲ್ಯುಎಂ ಪ್ಯಾನೆಲ್‌ನ ವೋಲ್ಟೇಜನ್ನು ಬ್ಯಾಟರಿ ಮಟ್ಟಕ್ಕೆ ಎಳೆದುಬಿಡುತ್ತೆ, ಮಿಕ್ಕಿದ್ದು ಹಾಳು. 330 ವ್ಯಾಟ್‌ಗೆ ದುಡ್ಡು ಕೊಟ್ಟು ಅರ್ಧವೂ ಸಿಗಲಿಲ್ಲ. ಎಂಪಿಪಿಟಿ ಕಂಟ್ರೋಲರ್ ಆದರೆ ಹೆಚ್ಚಿನ ವೋಲ್ಟೇಜನ್ನು ಆಂಪಿಯರ್ ಆಗಿ ಬದಲಾಯಿಸಿ ಕೊಡುತ್ತೆ. 18 ವೋಲ್ಟ್ ಆಸುಪಾಸಿನ ಸಣ್ಣ ಪ್ಯಾನೆಲ್ ಆದರೆ ಪಿಡಬ್ಲ್ಯುಎಂ ಕೂಡ ನಡೆಯುತ್ತೆ.

ಹಾಗಾಗಿ ಅಂಗಡಿಗೆ ಹೋಗೋ ಮುಂಚೆ ಒಂದು ಚೀಟಿ ತಗೊಂಡು ಬರೀರಿ. 9 ವ್ಯಾಟಿನ ನಾಲ್ಕು ಡಿಸಿ ಬಲ್ಬು ಐದು ಗಂಟೆ ಉರಿದರೆ 180. 20 ವ್ಯಾಟಿನ ಡಿಸಿ ಫ್ಯಾನ್ ಆರು ಗಂಟೆ, 120. ಮೊಬೈಲು, ಫೋನ್‌ಪೇ ಡಬ್ಬಿ ಚಾರ್ಜಿಂಗ್‌ಗೆ 30. 500 ವ್ಯಾಟಿನ ಮಿಕ್ಸಿ ಹತ್ತು ನಿಮಿಷ, ಇನ್ವರ್ಟರ್ ನಷ್ಟವೂ ಸೇರಿ 100. ಒಟ್ಟು 430 ವ್ಯಾಟ್ ಅವರ್, ಅರ್ಧ ಯೂನಿಟ್‌ಗಿಂತ ಕಡಿಮೆ. ಇಂಡಕ್ಷನ್ ಒಲೆ ಆಸೆ ಬಿಡಿ, ಅದು ಒಂದೇ 2000 ವ್ಯಾಟ್ ಎಳೆಯುತ್ತೆ, ಗ್ಯಾಸೇ ಸರಿ.

100 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ ನಷ್ಟ ಕಳೆದು 350 ವ್ಯಾಟ್ ಅವರ್ ಸುಮಾರು ಕೊಡುತ್ತೆ. ಅಂದ್ರೆ ಮೇಲಿನ ಲೆಕ್ಕಕ್ಕೆ 125 ವ್ಯಾಟ್ ಸಾಕು. ಆದರೆ ನಮ್ಮಲ್ಲಿ ಆಷಾಢ, ಶ್ರಾವಣದಲ್ಲಿ ಮಳೆ ಬರದಿದ್ದರೂ ಮೋಡ ಮಾತ್ರ ನಿಂತಿರುತ್ತಲ್ಲ? ಅದಕ್ಕೇ 200 ವ್ಯಾಟ್ ಹಾಕಿಸಿ. 100 ವ್ಯಾಟಿನ ಎರಡು ಪ್ಯಾನೆಲ್ ಏಸ್ ಗಾಡಿಯ ಟಾಪ್ ಮೇಲೆ ಆರಾಮಾಗಿ ಕೂರುತ್ತೆ. 540 ವ್ಯಾಟಿನ ಒಂದೇ ಪ್ಯಾನೆಲ್ ಏಳೂವರೆ ಅಡಿ ಉದ್ದ, 27 ಕೆಜಿ ಮೇಲೆ ತೂಕ. ಗಾಡಿಯಿಂದ ಆಚೆ ಚಾಚುತ್ತೆ.

ಬ್ಯಾಟರಿ ಎರಡು ರಾತ್ರಿಗೆ ಬರೋ ಹಾಗಿರಲಿ. 100 ಆಂಪಿಯರ್ ಅವರ್ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ 1200 ವ್ಯಾಟ್ ಅವರ್ ಇದ್ದರೂ ಬಾಳಿಕೆ ಬರಬೇಕಂದ್ರೆ ಅರ್ಧ ಮಾತ್ರ ಬಳಸಬೇಕು. ಅಷ್ಟೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸಾವಿರದವರೆಗೂ ಬಳಸಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ. ಬೆಲೆ ಜಾಸ್ತಿ, ನಿಜ. ಆದರೆ ದಿನಾ ಓಡೋ ಗಾಡಿಗೆ ನನ್ನ ಮತ ಲಿಥಿಯಂಗೇ. ಟ್ಯೂಬ್ಯುಲರ್ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತೆ, ಅದನ್ನ ಒಲೆ, ಸಿಲಿಂಡರ್ ಇರೋ ಮುಚ್ಚಿದ ಡಬ್ಬಿಯೊಳಗೆ ಇಡಲೇಬೇಡಿ. ಲಿಥಿಯಂಗೆ ಬೇರೆ ಕಾಟ, ಬಿಸಿ. ಏಪ್ರಿಲ್‌ನಲ್ಲಿ ಮುಚ್ಚಿದ ತಗಡಿನ ಗಾಡಿಯೊಳಗಿನ ಕಾವು ನಿಮಗೇ ಗೊತ್ತು. ಟಾಪ್ ಕೆಳಗೆ ಬೇಡ, ನೆಲದ ಹತ್ರ ಗಾಳಿ ಆಡೋ ಕಡೆ ಇಡಿ.

ಪ್ಯಾನೆಲ್‌ಗೂ ಬಿಸಿಲು ಬೇಕು, ಬಿಸಿ ಬೇಡ. 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಸ್ವಲ್ಪ ಸ್ವಲ್ಪ ಕಡಿಮೆಯಾಗ್ತಾ, ಪ್ಯಾನೆಲ್ 65 ಡಿಗ್ರಿ ಕಾದರೆ ನೂರಕ್ಕೆ ಹದಿನೈದರಷ್ಟು ಕರೆಂಟ್ ಹೋಗುತ್ತೆ. ಟಾಪ್‌ಗೆ ಅಂಟಿಸಬೇಡಿ, ಆಂಗ್ಲರ್ ಮೇಲೆ ಎರಡು ಇಂಚು ಗ್ಯಾಪ್ ಬಿಟ್ಟು ಬೋಲ್ಟ್ ಹಾಕಿಸಿ. ಹೈವೇಲಿ ಎದುರು ಗಾಳಿಗೆ ನಟ್ಟು ಸಡಿಲ ಆಗುತ್ತೆ, ಲಾಕ್ ನಟ್ ಕೇಳಿ ಹಾಕಿಸಿ.

ಇನ್ನು ನೆರಳಿನ ಸಮಸ್ಯೆ. ಸಂತೆಯಲ್ಲಿ ಎಲ್ಲರಿಗೂ ಬೇಕಾದ ಜಾಗ ಹುಣಸೆ ಮರದ ಕೆಳಗೆ. ಪ್ಯಾನೆಲ್‌ನ ಒಂದು ಮೂಲೆಗೆ ನೆರಳು ಬಿದ್ದರೂ ಕರೆಂಟ್ ತುಂಬಾ ಇಳಿದುಬಿಡುತ್ತೆ. ಸಂತೆ ಇಲ್ಲದ ದಿನ ಗಾಡೀನ ಬಯಲಲ್ಲಿ ನಿಲ್ಲಿಸಿ ಬ್ಯಾಟರಿ ತುಂಬಿಸ್ಕೊಳ್ಳಿ.

ವೈರಿಂಗ್‌ನಲ್ಲಿ ಉಳಿಸೋಕೆ ಹೋಗಬೇಡಿ. ನಾಲ್ಕು ಮೀಟರ್ ದೂರಕ್ಕೆ 2.5 ಚದರ ಮಿ.ಮೀ. ತಾಮ್ರದ ವೈರಲ್ಲಿ 15 ಆಂಪಿಯರ್ ಹರಿಸಿದರೆ ಹತ್ತಿರತ್ತಿರ 0.9 ವೋಲ್ಟ್ ದಾರಿಯಲ್ಲೇ ಹೋಗುತ್ತೆ. 6 ಚದರ ಮಿ.ಮೀ. ಆದರೆ 0.4ಕ್ಕಿಂತ ಕಡಿಮೆ. ಮಿಕ್ಸಿ ಓಡಿಸೋ ಇನ್ವರ್ಟರ್ 12 ವೋಲ್ಟ್‌ನಲ್ಲಿ 40-50 ಆಂಪಿಯರ್ ಎಳೆಯುತ್ತೆ, ಅದಕ್ಕೆ 16 ಚದರ ಮಿ.ಮೀ. ವೈರು, ಅದೂ ಗಿಡ್ಡದು. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಫ್ಯೂಸ್ ಇರಬೇಕು. ಗಾಡಿ ಕುಲುಕಿ ವೈರು ತಗಡಿಗೆ ಉಜ್ಜಿದರೆ ಬೆಂಕಿ ತಪ್ಪಿಸೋದು ಆ ಫ್ಯೂಸೇ. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್.

ಸಬ್ಸಿಡಿ ಬರುತ್ತೆ ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ಸಹಾಯಧನ ಮನೆ ಚಾವಣಿಗೆ ಮಾತ್ರ, ಗಾಡಿಗಲ್ಲ. ಇನ್ನೊಂದು, ಆರ್‌ಸಿಯಲ್ಲಿರೋ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಡಿಸೋದನ್ನ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತೆ. ಟಾಪ್ ಕಟ್ಟಿಸಿ ಎತ್ತರ ಏರಿಸೋ ಮುಂಚೆ ಆರ್‌ಟಿಒ ಕಚೇರಿಯಲ್ಲಿ, ಇನ್ಶೂರೆನ್ಸ್‌ನವರ ಹತ್ರ ಕೇಳ್ಕೊಳ್ಳಿ. ಬಿಲ್ ಇಲ್ಲದೆ ಏನೂ ತಗೋಬೇಡಿ, ವಾರಂಟಿ ಕೇಳೋಕೆ ಹೋದಾಗ ಅದೇ ಬೇಕು.

ಮಾವ ಈಗ ಆ ಪ್ಯಾನೆಲ್ ಇಟ್ಕೊಂಡೇ ಎಂಪಿಪಿಟಿ ಹಾಕಿಸಿದ್ದಾರೆ, ಬ್ಯಾಟರಿ ಬದಲಾಯಿಸಿದ್ದಾರೆ. ಶೇಂಗಾ ಒಕ್ಕೋ ಸೀಸನ್‌ನಲ್ಲಿ ಧೂಳು ಕೂರುತ್ತೆ ಅಂತ ಬೆಳಿಗ್ಗೆ ತಂಪಲ್ಲೇ ಒದ್ದೆ ಬಟ್ಟೆಯಲ್ಲಿ ಒರೆಸ್ತಾರೆ. ಕಾದ ಗಾಜಿನ ಮೇಲೆ ತಣ್ಣೀರು ಹೊಯ್ಯಲ್ಲ. ಜನರೇಟರ್ ಮಾತ್ರ ಇನ್ನೂ ಮಾರಿಲ್ಲ.