ಐದು ಲೀಟರ್ ರಕ್ತ, ನಾಲ್ಕು ಕೋಣೆ

ಕುಮಾರಸ್ವಾಮಿ ಲೇಔಟಿನ ನಲ್ಲಿಗೆ ಕಾವೇರಿ ನೀರು ಬರಬೇಕಾದರೆ ಸುಮಾರು ನೂರು ಕಿಲೋಮೀಟರ್ ದೂರ ಸಾಗಬೇಕು, ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಬೇಕು. ಇದು ಒಂದು ಪಂಪಿನಿಂದ ಆಗುವ ಕೆಲಸವಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಈ ಮೂರು ಕಡೆ ನೀರನ್ನು ಮೇಲೆತ್ತಲಾಗುತ್ತದೆ. ಮನುಷ್ಯನ ದೇಹದಲ್ಲಿ ರಕ್ತ ಒಂದು ಸುತ್ತು ಬರುವುದಕ್ಕೂ ಒಂದು ಪಂಪು ಸಾಲದು, ಎರಡು ಬೇಕು. ಎರಡೂ ಒಂದಕ್ಕೊಂದು ಅಂಟಿಕೊಂಡು ಒಂದೇ ಚೀಲದಲ್ಲಿರುವುದರಿಂದ ಅದನ್ನು ಒಂದು ಹೃದಯ ಎಂದು ಕರೆಯುವುದು ರೂಢಿ.

ಎಸ್ಸೆಸ್ಸೆಲ್ಸಿ ಓದಿದವರೆಲ್ಲ ಹೃದಯದ ನೀಳಛೇದ ಚಿತ್ರವನ್ನು ಒಮ್ಮೆಯಾದರೂ ಬರೆದು ಭಾಗಗಳನ್ನು ಗುರುತಿಸಿದವರೇ. ಪರೀಕ್ಷೆ ಮುಗಿದ ಮೇಲೆ ನೆನಪಿನಲ್ಲಿ ಉಳಿಯುವುದು ಕೆಂಪು, ನೀಲಿ ಬಣ್ಣದ ಪೆನ್ಸಿಲ್ ಮಾತ್ರ. ಅದೂ ಅರ್ಧ ಸತ್ಯ. ಮನುಷ್ಯನ ರಕ್ತ ಎಲ್ಲಿಯೂ ನೀಲಿಯಲ್ಲ. ಆಮ್ಲಜನಕ ಕಡಿಮೆಯಾದಾಗ ಕಡುಗೆಂಪಾಗುತ್ತದೆ, ಅಷ್ಟೆ.

ಆ ಕಡುಗೆಂಪು ರಕ್ತ ಮೈಯೆಲ್ಲ ಸುತ್ತಿ ಎರಡು ಮಹಾಸಿರೆಗಳ ಮೂಲಕ ಬಲ ಹೃತ್ಕರ್ಣಕ್ಕೆ ಬಂದು ಬೀಳುತ್ತದೆ. ಅಲ್ಲಿಂದ ಮೂರು ಎಸಳಿನ ಕವಾಟವನ್ನು ದಾಟಿ ಕೆಳಗಿನ ಬಲ ಹೃತ್ಕುಕ್ಷಿಗೆ ಇಳಿಯುತ್ತದೆ. ಹೃತ್ಕುಕ್ಷಿ ಹಿಂಡಿದಾಗ ರಕ್ತ ಶ್ವಾಸಕೋಶಕ್ಕೆ ಹೋಗಿ, ಆಮ್ಲಜನಕ ತುಂಬಿಕೊಂಡು ಎಡ ಹೃತ್ಕರ್ಣಕ್ಕೆ ಮರಳುತ್ತದೆ. ಮುಂದೆ ಎರಡು ಎಸಳಿನ ಮೈಟ್ರಲ್ ಕವಾಟ, ಎಡ ಹೃತ್ಕುಕ್ಷಿ, ಮಹಾಪಧಮನಿ, ಮತ್ತೆ ಮೈಯೆಲ್ಲ. ಬಲಗಡೆಯ ಪಂಪು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು. ಎಡಗಡೆಯದು ನೆತ್ತಿಯಿಂದ ಉಂಗುಷ್ಠದವರೆಗೆ ತಲುಪಿಸಬೇಕು. ಆದ್ದರಿಂದ ಎಡ ಹೃತ್ಕುಕ್ಷಿಯ ಗೋಡೆ ಬಲಗಡೆಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ವೈದ್ಯರು ಕೊಳವೆ ಹಚ್ಚಿ ಕೇಳುವ ಲಬ್-ಡಬ್ ಸದ್ದು ಈ ಕವಾಟಗಳು ಮುಚ್ಚುವ ಸದ್ದು: ಮೊದಲನೆಯದು ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಬಾಗಿಲುಗಳದು, ಎರಡನೆಯದು ಹೊರದಾರಿಯ ಬಾಗಿಲುಗಳದು.

ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟ ಕಾಫಿಯಷ್ಟು ರಕ್ತ ಹೊರಬೀಳುತ್ತದೆ. ನಿಮಿಷಕ್ಕೆ 72 ಬಡಿತ ಎಂದರೆ ಐದು ಲೀಟರ್. ದೇಹದಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ! ದಿನದ ಲೆಕ್ಕ 7,000 ಲೀಟರ್ ದಾಟುತ್ತದೆ. ಬೇಸಿಗೆಯಲ್ಲಿ ಆರು ಸಾವಿರ ಲೀಟರಿನ ಟ್ಯಾಂಕರಿಗೆ ಫೋನು ಮಾಡಿ ಕಾದವರಿಗೆ ಇದು ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಇಂಥದೇ ಒಂದು ಲೆಕ್ಕ ವೈದ್ಯಶಾಸ್ತ್ರವನ್ನು ತಲೆಕೆಳಗು ಮಾಡಿತು. ಯಕೃತ್ತು ಹೊಸ ರಕ್ತವನ್ನು ತಯಾರಿಸುತ್ತಲೇ ಇರುತ್ತದೆ, ದೇಹ ಅದನ್ನು ಬಳಸಿ ಮುಗಿಸುತ್ತದೆ ಎಂದು ಎರಡನೆಯ ಶತಮಾನದ ಗೇಲನ್ ಹೇಳಿದ್ದ. ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು, ರಕ್ತ ಬಲದಿಂದ ಎಡಕ್ಕೆ ಅವುಗಳ ಮೂಲಕ ಜಿನುಗುತ್ತದೆ ಎಂಬುದು ಅವನ ಇನ್ನೊಂದು ಮಾತು. ಯಾರೂ ನೋಡದ ಆ ರಂಧ್ರಗಳನ್ನು ಯೂರೋಪು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಂಬಿತು. ಗೋಡೆ ಗಟ್ಟಿಯಾಗಿದೆ, ರಕ್ತ ಶ್ವಾಸಕೋಶವನ್ನು ಸುತ್ತಿಯೇ ಬರಬೇಕು ಎಂದು 13ನೇ ಶತಮಾನದಲ್ಲಿ ಬರೆದ ಅರಬ್ ವೈದ್ಯ ಇಬ್ನ್ ಅಲ್ ನಫೀಸನ ಮಾತು ಬಹುಕಾಲ ಮೂಲೆಗೆ ಬಿದ್ದಿತ್ತು. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಗುಣಾಕಾರ ಮಾಡಿ ತೋರಿಸಿದ: ಅರ್ಧ ಗಂಟೆಯಲ್ಲಿ ಹೃದಯ ಹೊರಹಾಕುವ ರಕ್ತ ದೇಹದಲ್ಲಿರುವುದಕ್ಕಿಂತ ಹೆಚ್ಚು. ಅಷ್ಟು ಹೊಸ ರಕ್ತ ಎಲ್ಲಿಂದ ಬಂದೀತು? ಅದೇ ರಕ್ತ ಸುತ್ತುತ್ತಿರಬೇಕು. ಅಪಧಮನಿಯಿಂದ ಸಿರೆಗೆ ಅದು ದಾಟುವ ದಾರಿ ಮಾತ್ರ ಹಾರ್ವೆಗೆ ಕಾಣಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಕ್ಕೆ, 1661ರಲ್ಲಿ, ಇಟಲಿಯ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಲೋಮನಾಳಗಳನ್ನು ಕಂಡ.

ಈ ಬಾಗಿಲುಗಳಲ್ಲಿ ಒಂದು ಕಿರಿದಾದರೆ ಏನಾಗುತ್ತದೆ ಎಂಬುದನ್ನು ಕುಮಾರಸ್ವಾಮಿ ಲೇಔಟಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಚೆನ್ನಾಗಿ ಬಲ್ಲರು. ಮಕ್ಕಳ ಗಂಟಲು ನೋವನ್ನು ಅಲಕ್ಷಿಸಿದಾಗ ಕೆಲವರಿಗೆ ಕೀಲುವಾತದ ಜ್ವರ ಬರುತ್ತದೆ. ಗಂಟಲಿನ ಸ್ಟ್ರೆಪ್ಟೊಕಾಕಸ್ ರೋಗಾಣುವಿನ ವಿರುದ್ಧ ಹೋರಾಡಲು ಹೊರಟ ದೇಹ ತನ್ನದೇ ಕವಾಟಗಳ ಮೇಲೂ ಬೀಳುತ್ತದೆ. ವರ್ಷಗಳು ಕಳೆದಂತೆ ಮೈಟ್ರಲ್ ಕವಾಟದ ಎಸಳುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ತೆರೆಯಬೇಕಾದ ಬಾಗಿಲು ಒಂದೂವರೆಗೂ ಕಡಿಮೆಯಾಗಬಹುದು. ಎಡ ಹೃತ್ಕರ್ಣದಲ್ಲಿ ರಕ್ತ ಕಟ್ಟಿಕೊಂಡು ಒತ್ತಡ ಹಿಂದಕ್ಕೆ, ಶ್ವಾಸಕೋಶದವರೆಗೆ ಏರುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದು ಬಸುರಿಯಾದಾಗ. ಆಗ ರಕ್ತದ ಪ್ರಮಾಣ ಹೆಚ್ಚಿ, ಮೆಟ್ಟಿಲು ಹತ್ತಿದರೆ ಉಬ್ಬಸ, ಅಂಗಾತ ಮಲಗಿದರೆ ಉಸಿರು ಕಟ್ಟಿದಂತೆ. ಬಡತನ ಮತ್ತು ಇಕ್ಕಟ್ಟಾದ ಮನೆಗಳಿರುವಲ್ಲಿ ಈ ರೋಗ ಹೆಚ್ಚು.

ಹಿಂದೆ ಇದಕ್ಕೆ ಎದೆ ಸೀಳಬೇಕಿತ್ತು. ಜಪಾನಿನ ಕಾಂಜಿ ಇನೌಯೆ 1984ರಲ್ಲಿ ಪ್ರಕಟಿಸಿದ ಬಲೂನ್ ವಿಧಾನ ಅದನ್ನು ಬದಲಿಸಿತು. ತೊಡೆಯ ಸಿರೆಯಿಂದ ತೂರಿಸಿದ ಕೊಳವೆ ಬಲ ಹೃತ್ಕರ್ಣವನ್ನು ತಲುಪುತ್ತದೆ. ಹೋಗಬೇಕಾದದ್ದು ಎಡಕ್ಕೆ. ನಡುವೆ ಗೋಡೆ! ವೈದ್ಯರು ಸೂಜಿಯಿಂದ ಅದರಲ್ಲಿ ರಂಧ್ರ ಮಾಡುತ್ತಾರೆ. ಗೇಲನ್ ಕಲ್ಪಿಸಿದ್ದು ಕೆಳಗಿನ ಕೋಣೆಗಳ ಗೋಡೆಯಲ್ಲಿ, ಇದು ಮೇಲಿನ ಗೋಡೆಯಲ್ಲಿ. ತಾಯಿಯ ಗರ್ಭದಲ್ಲಿದ್ದಾಗ ಎಲ್ಲರಿಗೂ ಇದೇ ಗೋಡೆಯಲ್ಲಿ ಒಂದು ಕಿಂಡಿ ಇರುತ್ತದೆ, ಹುಟ್ಟಿದ ಮೇಲೆ ಮುಚ್ಚುತ್ತದೆ. ಬಲೂನು ಎಡಕ್ಕೆ ದಾಟಿ, ಕವಾಟದ ನಡುವೆ ನಿಂತು, ಕ್ಷಣಕಾಲ ಉಬ್ಬಿ ಎಸಳುಗಳನ್ನು ಬಿಡಿಸುತ್ತದೆ. ಕಟ್ಟಿಕೊಂಡಿದ್ದ ರಕ್ತ ಹೃತ್ಕುಕ್ಷಿಗೆ ಇಳಿದು, ಹೃತ್ಕರ್ಣದ ಒತ್ತಡ ಮೇಜಿನ ಮೇಲೆಯೇ ತಗ್ಗುತ್ತದೆ. ಜ್ವರ ಮರುಕಳಿಸಿ ಕವಾಟ ಮತ್ತೆ ಕೆಡದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಮುಂದುವರಿಯುತ್ತದೆ.