ಹಾಯಿ ಬೇರೆ, ಬಾಯಾರಿಕೆ ಒಂದೇ
ದೋಣಿ ಅಂದರೆ ಕೊಳ್ಳೇಗಾಲ, ಹನೂರು ಕಡೆಯವರಿಗೆ ಕಾವೇರಿಯ ಹರಿಗೋಲು, ನಮಗೆ ಬಂದರಿನ ಮಂಜಿ. ಒಬ್ಬರೇ ಕೂತು, ಎಲ್ಲೂ ನಿಲ್ಲದೆ ಭೂಮಿ ಸುತ್ತಿದ ಹಾಯಿದೋಣಿಗಳದ್ದು ಬೇರೆಯೇ ಕಥೆ.

ಮುಂಬೈಯಲ್ಲಿ ತೇಗದಿಂದ ಕಟ್ಟಿದ ‘ಸುಹೈಲಿ’ 32 ಅಡಿ. ಅದು ಗಲ್ಫಿನ ಗಾಳಿಯೊಂದಕ್ಕೆ ಅರಬ್ ನಾವಿಕರು ಇಟ್ಟ ಹೆಸರು. 1968-69ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್‌ಗೆ ಹಿಡಿದದ್ದು 312 ದಿನ, ಜಗತ್ತಿನಲ್ಲೇ ಮೊದಲು. ಗೋವಾದಲ್ಲಿ ಕಟ್ಟಿದ ನೌಕಾಪಡೆಯ ‘ಮ್ಹಾದೇಯಿ’ 56 ಅಡಿ. ನಮ್ಮ ಮಹದಾಯಿ ನದಿಯದ್ದೇ ಹೆಸರು. 2012ರ ನವೆಂಬರ್ 1ಕ್ಕೆ ಮುಂಬೈ ಬಿಟ್ಟ ಅಭಿಲಾಷ್ ಟೋಮಿ ಐದೇ ತಿಂಗಳಲ್ಲಿ ವಾಪಸ್!

ಉದ್ದದ ದೋಣಿಗೆ ಓಟ ಜಾಸ್ತಿ, ಸರಿ. ಸುಹೈಲಿಯ ರೇಡಿಯೋ ದಾರಿಯಲ್ಲೇ ಕೆಟ್ಟಿತ್ತು. ಮ್ಹಾದೇಯಿಯಲ್ಲಿ ಉಪಗ್ರಹ ಫೋನ್ ಇತ್ತು. ಆದರೆ ಕುಡಿಯೋ ನೀರು? ಸುಹೈಲಿಯ ಟ್ಯಾಂಕಿನದ್ದು ಹಾಳಾಯಿತು, ಮ್ಹಾದೇಯಿಯದ್ದಕ್ಕೆ ಡೀಸೆಲ್ ಸೇರಿತು. ಇಬ್ಬರೂ ಮಳೆನೀರು ಹಿಡಿದು ಕುಡಿದೇ ದಡ ಸೇರಿದರು.