ಹಿತ್ತಲ ಹಕ್ಕಿಗಳು ಮತ್ತು ನಮ್ಮ ಉಸಿರು

ಬೇಸಿಗೆ ಬಂತೆಂದರೆ ಅನೇಕ ಸದ್ಭಕ್ತರು ಹಿತ್ತಲಲ್ಲಿ, ಮಾಳಿಗೆಯ ಮೇಲೆ ಹಕ್ಕಿಗಳಿಗಾಗಿ ಕಾಳು, ನೀರು ಇಡುತ್ತಾರೆ. ಅದು ದಯೆಯ ಕಾರ್ಯ. ಇಡುವವರ ಮನಸ್ಸಿಗೂ ಹಿತಕರ. ಆದರೆ ಕ್ರಮವರಿಯದೆ ಮಾಡಿದರೆ ಅದರಿಂದಲೇ ರೋಗ ಬರಬಹುದೆಂಬುದನ್ನು ನಾನು ಒಬ್ಬ ರೋಗಿಯಿಂದ ಕಲಿತೆನು.

ನಿವೃತ್ತ ಶಿಕ್ಷಕರೊಬ್ಬರು ಪತ್ನೀವಿಯೋಗದ ನಂತರ ನಿದ್ರೆಯಿಲ್ಲದೆ ಬಳಲುತ್ತಿದ್ದರು. ಔಷಧದ ಜೊತೆಗೆ, ದಿನವೂ ಬೆಳಿಗ್ಗೆ ಅರ್ಧ ಗಂಟೆ ಹಿತ್ತಲಲ್ಲಿ ಕುಳಿತು ಹಕ್ಕಿಗಳನ್ನು ನೋಡಿರೆಂದು ಹೇಳಿದೆನು. ಅವರು ಮಗನ ಹಳೆಯ ಕ್ಯಾಮೆರಾ ಹಿಡಿದರು. ಗುಬ್ಬಚ್ಚಿ, ಪಿಕಳಾರ, ಗೊರವಂಕ, ಮಡಿವಾಳ ಹಕ್ಕಿಗಳ ಚಿತ್ರಗಳನ್ನು ಬಂದಾಗಲೆಲ್ಲ ತೋರಿಸುತ್ತಿದ್ದರು. ನಿದ್ರೆ ಮರಳಿತು, ಮಾತೂ ಮರಳಿತು.

ಕೆಲವು ತಿಂಗಳ ನಂತರ ಒಣಕೆಮ್ಮು ಆರಂಭವಾಯಿತು. ಸಾಮಾನ್ಯ ಕಾಸವೆಂದು ಭಾವಿಸಿ ಒಂದು ತಿಂಗಳು ಕಷಾಯ ಕೊಟ್ಟೆನು. ಮೆಟ್ಟಿಲೇರಿದರೆ ಏದುಸಿರು ಬರತೊಡಗಿದಾಗ ಅವರ ಮನೆಗೆ ಹೋದೆನು. ಸೇರುಗಟ್ಟಲೆ ಜೋಳ ಚೆಲ್ಲಿದ್ದರಿಂದ ಪಾರಿವಾಳಗಳ ಹಿಂಡೇ ನೆರೆದಿತ್ತು. ಒಣಗಿದ ಹಿಕ್ಕೆಯನ್ನು ಅವರೇ ದಿನವೂ ಗುಡಿಸುತ್ತಿದ್ದರು. ಪಾರಿವಾಳದ ಹಿಕ್ಕೆ ಹಾಗೂ ಗರಿಗಳ ಧೂಳು ಕೆಲವರ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತವನ್ನುಂಟುಮಾಡುತ್ತದೆ; ಬಹುಕಾಲ ಮುಂದುವರಿದರೆ ಶ್ವಾಸಕೋಶ ಗಡುಸಾಗಿ ಹಾನಿ ಶಾಶ್ವತವಾಗಬಹುದು. ಕೂಡಲೇ ತಜ್ಞರಲ್ಲಿಗೆ ಕಳುಹಿಸಿದೆನು. ಅವರೂ ಪರೀಕ್ಷಿಸಿ ಅದನ್ನೇ ಹೇಳಿದರು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ಆದುದರಿಂದ ಈ ಕ್ರಮಗಳನ್ನು ಪಾಲಿಸಿರಿ:

1. ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ದಿನವೂ ತಟ್ಟೆಯನ್ನು ಉಜ್ಜಿ ತೊಳೆದು ನೀರು ಬದಲಿಸಿ. ಇಲ್ಲವಾದರೆ ಸೊಳ್ಳೆಗಳು ಹುಟ್ಟುತ್ತವೆ; ಹಕ್ಕಿಗಳಿಗೂ ರೋಗ ಹರಡುತ್ತದೆ.

2. ಸಜ್ಜೆ, ನವಣೆ ಅಥವಾ ನುಚ್ಚಕ್ಕಿ ಒಂದು ಹಿಡಿ ಸಾಕು. ಉಪ್ಪು, ಎಣ್ಣೆಯ ತಿಂಡಿ ಬೇಡ. ಪಾರಿವಾಳಗಳು ನೆರೆದರೆ ಕಾಳು ನಿಲ್ಲಿಸಿ ನೀರಷ್ಟೇ ಇಡಿ.

3. ಒಣ ಹಿಕ್ಕೆಯನ್ನು ಗುಡಿಸಬೇಡಿ. ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಧರಿಸಿ ತೆಗೆಯಿರಿ. ನಂತರ ಸಾಬೂನಿನಿಂದ ಕೈ ತೊಳೆಯಿರಿ. ಉಬ್ಬಸವುಳ್ಳವರು ಈ ಕೆಲಸಕ್ಕೆ ಹೋಗಬಾರದು.

4. ಚಿತ್ರಗಳನ್ನು ದೂರದಿಂದಲೇ ತೆಗೆಯಿರಿ. ಗೂಡಿನ ಸಮೀಪ ಹೋದರೆ ತಾಯಿಹಕ್ಕಿ ಗೂಡು ತೊರೆಯಬಹುದು.

5. ಗುಬ್ಬಚ್ಚಿ ತನ್ನ ಎಳೆಮರಿಗಳಿಗೆ ಹೆಚ್ಚಾಗಿ ಉಣಿಸುವುದು ಹುಳುಗಳನ್ನು. ಹಿತ್ತಲ ಗಿಡಗಳಿಗೆ ಕೀಟನಾಶಕ ಸಿಂಪಡಿಸಬೇಡಿ.

ಆ ಶಿಕ್ಷಕರು ಈಗ ಚೇತರಿಸಿಕೊಂಡಿದ್ದಾರೆ. ಆದರೂ ಮೊದಲಿನ ಉಸಿರು ಪೂರ್ಣವಾಗಿ ಬಂದಿಲ್ಲ. ಕಾಳು ಹಾಕುವುದನ್ನು ಬಿಟ್ಟು ದಾಸವಾಳದ ಗಿಡಗಳನ್ನು ನೆಟ್ಟಿದ್ದಾರೆ; ಸೂರಕ್ಕಿಗಳು ತಾವಾಗಿಯೇ ಬರುತ್ತವೆ. ಕಿಟಕಿಯ ಒಳಗೆ ಕುಳಿತು ಅವುಗಳ ಚಿತ್ರ ತೆಗೆಯುತ್ತಾರೆ.

ಕೆಮ್ಮು ಮೂರು ವಾರ ಮೀರಿದರೆ ವೈದ್ಯರನ್ನು ಕಾಣಿರಿ. ಮನೆಯ ಬಳಿ ಪಾರಿವಾಳಗಳಿದ್ದರೆ, ಅವರು ಕೇಳದಿದ್ದರೂ ನೀವೇ ಹೇಳಿರಿ.